ವಿಕಿರಣದಿಂದ ವಿದ್ಯುತ್ ಪಡೆದ ಹೆನ್ರಿ ಮೋಸ್ಲೆ

ಹೆನ್ರಿ ಮೋಸ್ಲೆ 1887ರ ನವೆಂಬರ್ 23ರಂದು ಇಂಗ್ಲೆಂಡಿನ ವೇಮತ್ ಪಟ್ಟಣದಲ್ಲಿ ಜನಿಸಿದನು. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದ ತಂದೆ, ಮಗನಿಗೆ ನಾಲ್ಕು ವರ್ಷ ತುಂಬುವ ಮೊದಲೇ ನಿಧನಹೊಂದಿದನು. ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮುಗಿಸಿದ ಮೋಸ್ಲೆ 1910ರಲ್ಲಿ ಮ್ಯಾಂಚೆಸ್ಟರಿಗೆ ತೆರಳಿ ರುದರ್‌ಫರ್ಡನ ಪ್ರಯೋಗಶಾಲೆಯನ್ನು ಸೇರಿದನು. ಅಲ್ಲಿನ ಬೋಧನೆಯ ಹೊರೆ ಅವನಿಗೆ ಹಿಡಿಸಲಿಲ್ಲ. ಅಧ್ಯಾಪಕರು ಮನ್ನಿಸಬೇಕು, ಪಾಠ ಹೇಳುವುದಕ್ಕಿಂತ ರಾತ್ರಿಯೆಲ್ಲ ಉಪಕರಣಗಳ ಮುಂದೆ ಕುಳಿತಿರುವುದೇ ಅವನಿಗೆ ಪ್ರಿಯವಾಗಿತ್ತು.

ಜಗತ್ತು ಮೋಸ್ಲೆಯನ್ನು ನೆನೆಯುವುದು ಪರಮಾಣು ಸಂಖ್ಯೆಗಾಗಿ. ಅವನ ಇನ್ನೊಂದು ಪ್ರಯೋಗ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ಒಳಮೈಗೆ ಬೆಳ್ಳಿಯ ಲೇಪವಿದ್ದ, ಗಾಳಿಯನ್ನೆಲ್ಲ ಹೊರದೆಗೆದ ಗಾಜಿನ ಬುರುಡೆಯ ನಡುವೆ ಅವನು ರೇಡಿಯಮ್ಮಿನ ವಿಕಿರಣಮೂಲವೊಂದನ್ನು ಇರಿಸಿದನು. ಅದರಿಂದ ಚಿಮ್ಮಿದ ಬೀಟಾ ಕಣಗಳು ಋಣ ವಿದ್ಯುದಂಶವನ್ನು ಹೊತ್ತು ಗೋಡೆಯನ್ನು ಸೇರಿದವು. ನಡುವೆ ಧನ ವಿದ್ಯುದಂಶ ಉಳಿಯಿತು. 1913ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ವಿಭವಾಂತರ ಸುಮಾರು 1,50,000 ವೋಲ್ಟುಗಳಿಗೆ ಏರಿತ್ತು. ಆಮ್ಲವಿಲ್ಲ, ಬೆಂಕಿಯಿಲ್ಲ, ತಿರುಗುವ ಚಕ್ರವಿಲ್ಲ! ಆದರೆ ಒಂದು ಕಣ ಒಂದೇ ವಿದ್ಯುದಂಶವನ್ನು ಒಯ್ಯುತ್ತಿದ್ದುದರಿಂದ ಹರಿದ ವಿದ್ಯುತ್ತು ಪುಟ್ಟ ದೀಪವನ್ನೂ ಬೆಳಗಿಸಲಾರದಷ್ಟು ಅಲ್ಪವಾಗಿತ್ತು.

ಅದೇ ಕಾಲದಲ್ಲಿ ಅವನು ಧಾತುಗಳು ಹೊರಸೂಸುವ ಕ್ಷ-ಕಿರಣಗಳನ್ನು ಅಳೆದು, ಪ್ರತಿಯೊಂದು ಧಾತುವಿಗೂ ಕ್ರಮಬದ್ಧವಾದ ಒಂದು ಪೂರ್ಣಾಂಕವಿದೆಯೆಂದು ತೋರಿಸಿದನು. 43, 61, 75 ಎಂಬ ಸ್ಥಾನಗಳು ತೆರವಾಗಿರುವುದನ್ನು 1914ರಲ್ಲಿ ಗುರುತಿಸಿದನು.

ಆ ವರ್ಷ ಮಹಾಯುದ್ಧ ಆರಂಭವಾದಾಗ ಅವನು ವಿಜ್ಞಾನಿಗಳ ಸಮ್ಮೇಳನಕ್ಕೆಂದು ಆಸ್ಟ್ರೇಲಿಯದ ಪ್ರವಾಸದಲ್ಲಿದ್ದನು. ಹಿಂದಿರುಗಿ ಬಂದು ಸೇನೆಯನ್ನು ಸೇರಿ, ಸಂದೇಶ ವಿಭಾಗದ ಅಧಿಕಾರಿಯಾದನು. 1915ರ ಆಗಸ್ಟ್ 10ರಂದು ಗ್ಯಾಲಿಪೊಲಿಯ ರಣರಂಗದಲ್ಲಿ ಗುಂಡು ತಲೆಗೆ ತಗಲಿ ಮಡಿದನು. ಆಗ ಅವನ ವಯಸ್ಸು 27. ತನ್ನ ಆಸ್ತಿಯನ್ನು ಪ್ರಯೋಗಾತ್ಮಕ ಸಂಶೋಧನೆಗಾಗಿ ರಾಯಲ್ ಸೊಸೈಟಿಗೆ ಮೊದಲೇ ಬರೆದಿಟ್ಟಿದ್ದನು. ಇಂಥವನನ್ನು ರಣಭೂಮಿಗೆ ಕಳುಹಿಸಿದ ಅವಿವೇಕಕ್ಕಾಗಿ ರುದರ್‌ಫರ್ಡ್ ಬಹಿರಂಗವಾಗಿಯೇ ಮರುಗಿದನು.

ಅವನು ಗುರುತಿಸಿದ 61ನೆಯ ತೆರವನ್ನು ತುಂಬುವ ಪ್ರೊಮೀಥಿಯಮ್ 1945ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ದೊರೆಯಿತು. 1954ರಲ್ಲಿ ಅದೇ ದೇಶದ ಪಾಲ್ ರಾಪಪೋರ್ಟ್, ಸಿಲಿಕಾನ್ ಅರೆವಾಹಕದ ಮೇಲೆ ಬೀಟಾ ಕಣಗಳನ್ನು ಬೀಳಿಸಿ ವಿದ್ಯುತ್ ಪಡೆಯುವ ಕೋಶವನ್ನು ತೋರಿಸಿಕೊಟ್ಟನು. ಅರೆವಾಹಕದೊಳಗೆ ಒಂದೊಂದು ಕಣವೂ ಸಾವಿರಾರು ಎಲೆಕ್ಟ್ರಾನುಗಳನ್ನು ಬಿಡಿಸುವುದರಿಂದ ಮೋಸ್ಲೆಯ ಬುರುಡೆಯ ಕೊರತೆ ಬಹುಮಟ್ಟಿಗೆ ನೀಗಿತು. 1970ರ ದಶಕದಲ್ಲಿ ಪ್ರೊಮೀಥಿಯಮ್-147ನ್ನು ಅಳವಡಿಸಿದ ಇಂಥ ಕೋಶಗಳು, ಹೃದಯದ ಬಡಿತವನ್ನು ಕಾಯುವ ಪೇಸ್‌ಮೇಕರುಗಳಲ್ಲಿ ರೋಗಿಗಳ ದೇಹದೊಳಗೇ ದುಡಿದವು. ಬಳಿಕ ಲಿಥಿಯಮ್ ಕೋಶಗಳು ಅವುಗಳ ಸ್ಥಾನವನ್ನು ಹಿಡಿದವು. 2024ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಕಾರ್ಬನ್-14ನ್ನು ವಜ್ರದೊಳಗೆ ಅಡಗಿಸಿ ಹೊಸದೊಂದು ಕೋಶವನ್ನು ನಿರ್ಮಿಸಿದರು. ಆ ಕಾರ್ಬನ್ನಿನ ಅರ್ಧಾಯುಷ್ಯ ಸುಮಾರು 5,700 ವರ್ಷಗಳು.