ಸಲೀಮುಝ್ಝಮಾನ್ ಸಿದ್ದಿಕಿ

ಸಲೀಮುಝ್ಝಮಾನ್ ಸಿದ್ದಿಕಿ (19 ಅಕ್ಟೋಬರ್ 1897 – 14 ಏಪ್ರಿಲ್ 1994) ಭಾರತ ಮತ್ತು ಪಾಕಿಸ್ತಾನಗಳಲ್ಲಿ ದುಡಿದ ಸಾವಯವ ರಸಾಯನವಿಜ್ಞಾನಿ. ಬೇವಿನ ಔಷಧೀಯ ಘಟಕಗಳ ಸಂಶೋಧನೆಗಾಗಿ ಪ್ರಸಿದ್ಧರು.

ಬಾರಾಬಂಕಿ ಜಿಲ್ಲೆಯ ಸುಬೇಹಾದಲ್ಲಿ ಜನಿಸಿದ ಇವರು ಅಲಿಗಢದಲ್ಲಿ ತತ್ತ್ವಶಾಸ್ತ್ರ ಹಾಗೂ ಪರ್ಷಿಯನ್ ಓದಿದರು. ವೈದ್ಯಕೀಯ ಕಲಿಯಲು ಲಂಡನ್ನಿಗೆ ಹೋದವರು ಅದನ್ನು ಬಿಟ್ಟು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ರಸಾಯನವಿಜ್ಞಾನ ಅಭ್ಯಸಿಸಿ 1927ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಹಕೀಮ್ ಅಜ್ಮಲ್ ಖಾನ್ ಸ್ಥಾಪಿಸಿದ್ದ ದೆಹಲಿಯ ಆಯುರ್ವೇದ ಮತ್ತು ಯುನಾನಿ ತಿಬ್ಬಿ ಕಾಲೇಜಿನಲ್ಲಿ ಸಂಶೋಧನೆ ನಡೆಸಿದರು. 1931ರಲ್ಲಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಆಲ್ಕಲಾಯ್ಡ್‌ಗೆ ಆ ವೈದ್ಯರ ಸ್ಮರಣಾರ್ಥ ಅಜ್ಮಲೈನ್ ಎಂದು ಹೆಸರಿಟ್ಟರು.

ಹುಣ್ಣು, ಕಜ್ಜಿಗಳಿಗೆ ಬೇವನ್ನು ಹಚ್ಚುವುದು ಹಳೆಯ ರೂಢಿ. ಆದರೆ ಅದರಲ್ಲಿ ಗುಣ ನೀಡುವ ಅಂಶ ಯಾವುದೆಂದು ತಿಳಿಯದೆ, ಅಂಗೈ ಅಳತೆಯ ಮದ್ದನ್ನು ರೋಗಾಣುಗಳ ಮೇಲೆ ನಿಖರವಾಗಿ ಪರೀಕ್ಷಿಸುವುದು ಕಷ್ಟ. ಸಿದ್ದಿಕಿ ಬೇವಿನೆಣ್ಣೆಯನ್ನು ಈಥರ್, ಈಥೈಲ್ ಅಸಿಟೇಟ್, ದುರ್ಬಲ ಆಲ್ಕೋಹಾಲ್ ಮೊದಲಾದ ದ್ರಾವಕಗಳಿಂದ ಸಂಸ್ಕರಿಸಿ, 1942ರಲ್ಲಿ ನಿಂಬಿನ್, ನಿಂಬಿನಿನ್ ಮತ್ತು ನಿಂಬಿಡಿನ್ ಎಂಬ ಕಹಿ ಪದಾರ್ಥಗಳನ್ನು ಪಡೆದರು. ಮುಂದಿನ ಪ್ರಯೋಗಗಳಲ್ಲಿ ನಿಂಬಿಡಿನ್ ಕೆಲವು ಬ್ಯಾಕ್ಟೀರಿಯಾ ಹಾಗೂ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವುದು ಕಂಡುಬಂದಿತು. ಪ್ರಯೋಗಾಲಯದ ಈ ಫಲಿತಾಂಶದಿಂದಲೇ ಬೇವು ಎಲ್ಲ ಸೋಂಕಿಗೂ ಮದ್ದೆಂದು ಹೇಳಲಾಗದು.

1951ರಲ್ಲಿ ಪಾಕಿಸ್ತಾನಕ್ಕೆ ತೆರಳಿದ ಸಿದ್ದಿಕಿ, ಅಲ್ಲಿನ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯನ್ನು ಕಟ್ಟಿದರು. 1961ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಇವರು ಚಿತ್ರಕಲಾವಿದರೂ ಆಗಿದ್ದರು.