ಹಳೆಯ ವೈನಿನ ಗುಟ್ಟು ಅರಿತ ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ ಎಂದೊಡನೆ ನಮಗೆ ನೆನಪಾಗುವುದು ಹುಚ್ಚುನಾಯಿ ಕಡಿತದ ಲಸಿಕೆ ಮತ್ತು ಪಾಶ್ಚರೀಕರಿಸಿದ ಹಾಲು. ಆದರೆ ಹದವಾಗಿ ಬಿಸಿ ಮಾಡಿ ಕೆಡದಂತೆ ಕಾಪಾಡುವ ಆ ವಿಧಾನವನ್ನು ಅವರು ರೂಪಿಸಿದ್ದು ಹಾಲಿಗಾಗಿ ಅಲ್ಲ, ಫ್ರಾನ್ಸಿನ ವೈನಿಗಾಗಿ. ವರ್ಷಗಟ್ಟಲೆ ಇಟ್ಟ ಕೆಂಪು ವೈನ್ ಏಕೆ ರುಚಿಗೊಳ್ಳುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಪ್ರಯೋಗದ ಮೂಲಕ ತೋರಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಅವರ ಬದುಕಿನ ಈ ಭಾಗವನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸಿನ ಜ್ಯೂರಾ ಪ್ರಾಂತ್ಯದ ದೋಲ್ ಪಟ್ಟಣದಲ್ಲಿ. ತಂದೆ ನೆಪೋಲಿಯನ್ನನ ಸೇನೆಯಲ್ಲಿದ್ದವರು. ಆಮೇಲೆ ಚರ್ಮ ಹದ ಮಾಡುವ ಕಸುಬು ಹಿಡಿದರು. ಲೂಯಿ ಚಿಕ್ಕವರಿದ್ದಾಗಲೇ ಕುಟುಂಬ ಆರ್ಬ್ವಾ ಎಂಬ ಊರಿಗೆ ಬಂತು. ಸುತ್ತಲೂ ದ್ರಾಕ್ಷಿ ತೋಟಗಳು, ಮನೆಗಳ ಕೆಳಗೆ ತಂಪಾದ ನೆಲಮಾಳಿಗೆಗಳು, ಅವುಗಳಲ್ಲಿ ಮರದ ಪೀಪಾಯಿಗಳು. ವೈನ್ ಆ ಊರಿನವರ ಜೀವನೋಪಾಯ. ಪೀಪಾಯಿಯ ವೈನ್ ಹುಳಿಯಾಯಿತೆಂದರೆ ಆ ಮನೆಯ ವರ್ಷದ ದುಡಿಮೆಯೇ ಹಾಳಾದಂತೆ ಎಂಬುದನ್ನು ಅವರು ಬಾಲ್ಯದಿಂದಲೇ ಬಲ್ಲವರಾಗಿದ್ದರು.

1860ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವೆ ವ್ಯಾಪಾರ ಒಪ್ಪಂದವಾಗಿ ವೈನಿನ ರಫ್ತು ಹೆಚ್ಚಿತು. ಜೊತೆಗೆ ದೂರುಗಳೂ ಹೆಚ್ಚಿದವು. ಕೆಲವು ವೈನ್ ಹುಳಿಯಾಗುತ್ತಿತ್ತು, ಕೆಲವು ಎಣ್ಣೆಯಂತೆ ನೂಲುಬಿಡುತ್ತಿತ್ತು. ಬರ್ಗಂಡಿಯ ಉತ್ತಮ ಕೆಂಪು ವೈನ್ ಹಳೆಯದಾಗುತ್ತಾ ಕಹಿಯಾಗುವುದೂ ಇತ್ತು. ಇಟ್ಟಷ್ಟೂ ಬೆಲೆ ಏರಬೇಕಾದ ವೈನಿಗೇ ಈ ಗತಿ. 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಇದರ ಕಾರಣ ಕಂಡುಹಿಡಿಯುವಂತೆ ಪಾಶ್ಚರರನ್ನು ಕೇಳಿಕೊಂಡನು.

ಪಾಶ್ಚರ್ ಶಿಷ್ಯರೊಡನೆ ತಮ್ಮ ಆರ್ಬ್ವಾಗೆ ಮರಳಿದರು. ಹಳೆಯ ಕಾಫಿ ಅಂಗಡಿಯೊಂದು ಅವರ ಪ್ರಯೋಗಶಾಲೆಯಾಯಿತು. ಊರಿನ ಬಡಗಿ, ಕಮ್ಮಾರರೇ ಸಲಕರಣೆ ಮಾಡಿಕೊಟ್ಟರು. ಬಾಲ್ಯದ ಗೆಳೆಯರು ತಮ್ಮ ನೆಲಮಾಳಿಗೆಗಳಿಂದ ಬಾಟಲಿ ತಂದುಕೊಟ್ಟರು. ಪ್ರತಿಯೊಂದು ರೋಗದ ವೈನಿನಲ್ಲೂ ಅದರದ್ದೇ ಆದ ಸೂಕ್ಷ್ಮಜೀವಿ ಇರುವುದು ಕಂಡುಬಂತು. ಬಾಯಿಗೆ ಹಾಕುವ ಮೊದಲೇ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರ ರುಚಿ ಹೀಗಿರುತ್ತದೆ ಎಂದು ಹೇಳಬಲ್ಲಷ್ಟು ಅವರು ಪಳಗಿದರು.

ಇನ್ನೊಂದು ಪ್ರಯೋಗ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತಲೂ ಸೊಗಸಾದುದು. ಅವರು ಹೊಸ ವೈನನ್ನು ಗಾಜಿನ ನಳಿಗೆಗಳಲ್ಲಿ ತುಂಬಿ ಬಾಯಿ ಮುಚ್ಚಿದರು. ಕೆಲವನ್ನು ಗಾಳಿಗೆ ಎಡೆಯಿಲ್ಲದಂತೆ ತುಂಬಿದರು, ಕೆಲವನ್ನು ಅರ್ಧ ಮಾತ್ರ. ಪೂರ್ತಿ ತುಂಬಿದ ವೈನ್ ಹೊಸದರಂತೆಯೇ ಉಳಿಯಿತು. ಅರ್ಧ ತುಂಬಿದ್ದರ ಬಣ್ಣ ಇಳಿದು ಹಳೆಯ ವೈನಿನ ಛಾಯೆ ಬಂತು, ತಳದಲ್ಲಿ ಗಸಿ ಕೂತಿತು. ವೈನನ್ನು ಹಳೆಯದಾಗಿಸುವುದು ಬರಿಯ ಕಾಲವಲ್ಲ, ಮರದ ಪೀಪಾಯಿಯ ಮೂಲಕ ಮೆಲ್ಲನೆ ಒಳಸೇರುವ ಗಾಳಿಯ ಆಮ್ಲಜನಕ ಎಂದು ಅವರು ತೀರ್ಮಾನಿಸಿದರು. ಬಿರಡೆ ಹಾಕಿದ ಬಾಟಲಿಯಲ್ಲಿ ಅತ್ಯಲ್ಪ ಗಾಳಿಯಲ್ಲೂ ಬಣ್ಣದ ಅಂಶಗಳೂ ಟ್ಯಾನಿನ್ ಎಂಬ ಒಗರೂ ನಿಧಾನವಾಗಿ ಕೂಡಿಕೊಳ್ಳುತ್ತವೆ ಎಂಬುದು ನಂತರದ ವಿಜ್ಞಾನ ಸೇರಿಸಿದ ಮಾತು. ಗಾಳಿ ಅತಿಯಾದರೆ ಅದೇ ವೈನ್ ಕೆಡುತ್ತದೆ.

ಬೋರ್ಡೋ ಅಥವಾ ಬರ್ಗಂಡಿಯ ಹಳೆಯ ಕೆಂಪು ವೈನ್ ಸವಿಯುವವರ ಕ್ರಮವೆಲ್ಲ ಇದರಿಂದಲೇ ಅರ್ಥವಾಗುತ್ತದೆ. ಗಸಿ ತಳಕ್ಕಿಳಿಯಲೆಂದು ಅವರು ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸುತ್ತಾರೆ. ಅಲುಗಿಸದೆ ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ. ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಿ, ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ಅಂಚಿನ ಬಣ್ಣ ನೋಡುತ್ತಾರೆ. ಹೊಸದರಲ್ಲಿ ನೇರಳೆ ಛಾಯೆ, ಹಳೆಯದರಲ್ಲಿ ಇಟ್ಟಿಗೆಯ ಬಣ್ಣ. ಆಮೇಲೆ ಪರಿಮಳ: ಹಸಿ ಹಣ್ಣಿನ ವಾಸನೆ ಹಿಂದೆ ಸರಿದು ಒಣಹಣ್ಣು, ಅಣಬೆ, ಚರ್ಮ, ತರಗೆಲೆಯ ವಾಸನೆ ಮುಂದೆ ಬಂದಿರುತ್ತದೆ. ಕೊನೆಗೆ ಒಂದು ಚಿಕ್ಕ ಗುಟುಕು. ಬಾಯಿ ಕಟ್ಟುವ ಒಗರು ಮೆತ್ತಗಾಗಿದ್ದರೆ, ನುಂಗಿದ ಮೇಲೂ ರುಚಿ ಉಳಿದರೆ ಕಾಯ್ದದ್ದು ಸಾರ್ಥಕ. ತುಂಬಾ ಹಳೆಯ ವೈನಿನ ಪರಿಮಳ ಬೇಗ ಹಾರಿಹೋಗುವುದರಿಂದ ತೆರೆದ ಮೇಲೆ ಹೆಚ್ಚು ಹೊತ್ತು ಇಡುವುದಿಲ್ಲ.

ರೋಗಕ್ಕೆ ಪಾಶ್ಚರ್ ಕೊಟ್ಟ ಮದ್ದು ಸರಳ. ವೈನನ್ನು ಗಾಳಿ ಸೋಕದಂತೆ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರೆ ಸಾಕು. ಆದರೆ ಬಿಸಿ ಮಾಡಿದರೆ ರುಚಿ ಕೆಡದೇ? 1865ರ ನವೆಂಬರಿನಲ್ಲಿ ಅವರು ಪ್ಯಾರಿಸಿನ ನುರಿತ ವೈನ್ ಪರೀಕ್ಷಕರನ್ನು ಕರೆಸಿ, ಬಿಸಿ ಮಾಡಿದ್ದನ್ನೂ ಮಾಡದ್ದನ್ನೂ ಮುಂದಿಟ್ಟರು. ವ್ಯತ್ಯಾಸ ನಗಣ್ಯವೆಂದೇ ಅವರ ಅಭಿಪ್ರಾಯವಾಯಿತು. ಮುಂದೆ ಪಾಶ್ಚರ್ ಒಂದು ಉಪಾಯ ಹೂಡಿದರು: ಸುಳಿವು ಕೊಡದೆ ಒಂದೇ ವೈನನ್ನು ಎರಡು ಮಾದರಿಗಳೆಂದು ಕೊಟ್ಟರು. ಪರೀಕ್ಷಕರು ಅವುಗಳಲ್ಲೂ ಭೇದ ಕಂಡರು! ನಾಲಿಗೆಗಿಂತ ಕಲ್ಪನೆ ಮುಂದೆ ಓಡುತ್ತದೆ ಎಂಬುದು ಸಾಬೀತಾಯಿತು. ಇಂದಿಗೂ ಬಲ್ಲವರು ಬಾಟಲಿಯ ಹೆಸರು ಮರೆಮಾಡಿ ರುಚಿ ನೋಡುವುದು ಇದೇ ಕಾರಣಕ್ಕೆ. ಹೆಸರು, ಬೆಲೆ ನೋಡಿ ಮೆಚ್ಚುವುದು ಬೇರೆ, ಇದ್ದದ್ದನ್ನು ಇದ್ದಂತೆ ಸವಿಯುವುದು ಬೇರೆ.

ಇದೇ ವರ್ಷಗಳಲ್ಲಿ ಅವರ ಮನೆಯಲ್ಲಿ ಸಾವಿನ ಮೇಲೆ ಸಾವು. ಹಿರಿಯ ಮಗಳು ಜಾನ್ 1859ರಲ್ಲಿ ಆರ್ಬ್ವಾದಲ್ಲೇ ವಿಷಮಶೀತ ಜ್ವರದಿಂದ ತೀರಿಕೊಂಡಿದ್ದಳು. 1865ರಲ್ಲಿ ತಂದೆಯೂ ಎಳೆಯ ಮಗಳು ಕಮೀಯ್ ಕೂಡ ಹೋದರು. 1866ರಲ್ಲಿ ಹನ್ನೆರಡು ವರ್ಷದ ಸೆಸೀಲ್ ಮತ್ತೆ ಅದೇ ಜ್ವರಕ್ಕೆ ತುತ್ತಾದಳು. ವೈನ್ ಕುರಿತ ಅವರ ಮಹಾಗ್ರಂಥ ಪ್ರಕಟವಾದದ್ದು ಅದೇ 1866ರಲ್ಲಿ. ವೈನಿನ ರೋಗಕ್ಕೆ ಮದ್ದು ಕಂಡ ತಂದೆಗೆ ಮಕ್ಕಳ ರೋಗಕ್ಕೆ ಮದ್ದು ಇರಲಿಲ್ಲ. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತರೂ ಅವರು ನಿಲ್ಲಲಿಲ್ಲ. ವೈನಿನಲ್ಲಿ ಕಂಡ ಸೂಕ್ಷ್ಮಜೀವಿಯ ಜಾಡು ಹಿಡಿದೇ ಪ್ರಾಣಿಗಳ, ಮನುಷ್ಯರ ರೋಗಗಳತ್ತ ನಡೆದರು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಟ್ಟರು, ಬಾಲಕ ಬದುಕಿಕೊಂಡ.

ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ನಿಧನರಾದರು. ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ರಾಷ್ಟ್ರಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ವೈನ್ ಆರೋಗ್ಯಕರವೆಂಬ ಅವರ ನಂಬಿಕೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ದೀರ್ಘಕಾಲ ಇಡುವ ಉತ್ತಮ ಕೆಂಪು ವೈನನ್ನು ಇಂದು ಸಾಮಾನ್ಯವಾಗಿ ಬಿಸಿ ಮಾಡುವುದೂ ಇಲ್ಲ. ಶುಚಿತ್ವ ಮತ್ತು ಅಲ್ಪ ಗಂಧಕದಿಂದ ಕಾಪಾಡುತ್ತಾರೆ. ಆದರೆ ಕೆಡಿಸುವ ಜೀವಿ ಯಾವುದೆಂದು ತಿಳಿದು ಕಾಪಾಡಬೇಕೆಂಬ ಪಾಠ ಅವರದೇ. ಬಲಿಪೂಜೆಯ ದ್ರಾಕ್ಷಾರಸ ಶುದ್ಧವಾಗಿರಬೇಕು, ಕೆಟ್ಟಿರಬಾರದು ಎಂಬ ಧರ್ಮಸಭೆಯ ನಿಯಮವನ್ನು ಪಾಲಿಸುವ ನಮ್ಮ ದೇವಾಲಯಗಳ ಸೇವಕರಿಗೂ, ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಡೆಯುವ ನಮ್ಮ ತಾಯಂದಿರಿಗೂ ಆರ್ಬ್ವಾದ ಆ ಹಳೆಯ ಕಾಫಿ ಅಂಗಡಿಯ ಋಣವಿದೆ. ಅದನ್ನು ಕೃತಜ್ಞತೆಯಿಂದ ನೆನೆಯೋಣ.