ಕನ್ನಡದಲ್ಲಿ ವಿಶ್ವವನ್ನು ತೋರಿಸಿದ ಕಾರಂತರು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡಿಗರು ನಾವು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ದಿನ ಒಂದುಗೂಡಿ ತಾಯ್ನುಡಿಯನ್ನು ಕೊಂಡಾಡುತ್ತೇವೆ. ಪಂಪನನ್ನು, ಬಸವಣ್ಣನವರನ್ನು, ಪುರಂದರದಾಸರನ್ನು ನೆನೆಯುತ್ತೇವೆ. ಅದು ಯುಕ್ತವೇ ಸರಿ. ಆದರೆ ಮನೆಗೆ ಮರಳಿದ ಮೇಲೆ ಮಗನೋ ಮೊಮ್ಮಗಳೋ ಆಕಾಶಕ್ಕೆ ಕೈತೋರಿಸಿ, ಆ ನಕ್ಷತ್ರ ಎಷ್ಟು ದೂರ, ಈ ಜಗತ್ತು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ನಮಗರಿಯದೆಯೇ ನಮ್ಮ ನಾಲಿಗೆ ಇಂಗ್ಲಿಷಿಗೆ ಹೊರಳುತ್ತದೆ. ಅಡುಗೆಮನೆಗೂ ದೇವರ ಕೋಣೆಗೂ ಕನ್ನಡ ಸಾಕು, ವಿಜ್ಞಾನಕ್ಕೆ ಸಾಲದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪೆಂದು ವಾದಿಸಿದವರು ಹಲವರು. ಬರೆದು ತೋರಿಸಿದವರಲ್ಲಿ ಅಗ್ರಗಣ್ಯರು ಡಾ. ಶಿವರಾಮ ಕಾರಂತರು. ಕಾದಂಬರಿಕಾರರೆಂದು ಅವರನ್ನು ಅರಿಯದ ಕನ್ನಡಿಗನಿಲ್ಲ. ಅವರ ಬಾಳಿನ ಇನ್ನೊಂದು ಮುಖವನ್ನು ಇಲ್ಲಿ ವಾಚಕರ ಮುಂದಿಡಲು ಬಯಸುತ್ತೇವೆ.

ಕಾರಂತರು ಹುಟ್ಟಿದ್ದು 1902ನೆಯ ಇಸವಿ ಅಕ್ಟೋಬರ್ 10ರಂದು, ಕಡಲತೀರದ ಕೋಟ ಗ್ರಾಮದಲ್ಲಿ. ಆಗ ಆ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು; ಈಗ ಅದು ಉಡುಪಿ ಜಿಲ್ಲೆ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದರು. ಅಷ್ಟರಲ್ಲಿ ಗಾಂಧೀಜಿಯವರ ಅಸಹಕಾರದ ಕರೆ ಬಂತು. ತರುಣ ಶಿವರಾಮ ಓದನ್ನು ಅರ್ಧಕ್ಕೇ ಬಿಟ್ಟು ಖಾದಿಯ ಪ್ರಚಾರಕ್ಕೆ ಹೊರಟರು. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ತಾವಾಗಿಯೇ ಅವರಿಗೆ ಡಾಕ್ಟರೇಟ್ ಪದವಿಯಿತ್ತು ಗೌರವಿಸಿದವು. ಆದರೆ ಪರೀಕ್ಷೆ ಬರೆದು ಪಡೆದ ಪದವಿ ಒಂದೂ ಅವರಲ್ಲಿರಲಿಲ್ಲ.

ಕಾಲೇಜು ಬಿಟ್ಟರೂ ಕಲಿಕೆಯನ್ನು ಅವರು ಬಿಡಲಿಲ್ಲ. ಪತ್ರಿಕೆ ನಡೆಸಿದರು, ನಾಟಕವಾಡಿಸಿದರು, ಮೂಕಿ ಚಿತ್ರಗಳನ್ನು ತೆಗೆದರು, ಪುತ್ತೂರಿನಲ್ಲಿ ನೆಲೆಸಿ ಮಕ್ಕಳಿಗಾಗಿ ಬಾಲವನವನ್ನು ಕಟ್ಟಿದರು. ಇಷ್ಟೆಲ್ಲ ಓಡಾಟದ ನಡುವೆ ಪುಸ್ತಕ ಓದುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು. ಆ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ವಿಜ್ಞಾನಿಗಳು ಸಾಮಾನ್ಯರಿಗಾಗಿ ಲೇಖನಿ ಹಿಡಿಯತೊಡಗಿದ್ದರು. ಎಡಿಂಗ್ಟನ್ನರ ಭೌತ ಪ್ರಪಂಚದ ಪುಸ್ತಕ 1928ರಲ್ಲಿ ಹೊರಬಂದಿತು. ಜೇಮ್ಸ್ ಜೀನ್ಸರ ನಿಗೂಢ ವಿಶ್ವದ ಪುಸ್ತಕ 1930ರಲ್ಲಿ. ನಕ್ಷತ್ರಮಂಡಲಗಳು ಒಂದರಿಂದೊಂದು ದೂರ ಸರಿಯುತ್ತಿವೆ, ವಿಶ್ವವೇ ಹಿಗ್ಗುತ್ತಿದೆ ಎಂಬುದಕ್ಕೆ 1929ರಲ್ಲಿ ಹಬಲ್ಲರು ಸಾಕ್ಷ್ಯ ಒದಗಿಸಿದ್ದರು. ಇಂಗ್ಲಿಷ್ ಬಲ್ಲವನಿಗೆ ಈ ಬೆರಗೆಲ್ಲ ಒಂದು ಪುಸ್ತಕದ ಬೆಲೆಗೆ ದೊರೆಯುತ್ತಿತ್ತು. ಇಂಗ್ಲಿಷ್ ಬಾರದವನ ಪಾಲಿಗೆ ಅದು ಬೀಗ ಹಾಕಿದ ಮನೆ.

ಈ ಬೀಗವನ್ನು ತೆಗೆಯುವ ಯತ್ನ ಕನ್ನಡದಲ್ಲಿ ಅದಕ್ಕೂ ಮುಂಚೆಯೇ ನಡೆದಿತ್ತೆಂಬುದನ್ನು ನಾವು ಮರೆಯಬಾರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ದಾರಿ ತೋರಿಸಿತು.

ಕಾರಂತರು ಆ ದಾರಿಯಲ್ಲಿ ಮೊದಲು ಮಕ್ಕಳನ್ನು ಕೈಹಿಡಿದು ನಡೆಸಿದರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಹೊರಬಂದಿತು. ಪುತ್ತೂರಿನಂಥ ಸಣ್ಣ ಊರಿನಲ್ಲಿ ಕುಳಿತು, ಹಿಂದೆ ಯಾವ ಸರಕಾರದ, ಯಾವ ವಿದ್ವನ್ಮಂಡಲಿಯ ಬಲವೂ ಇಲ್ಲದೆ ಮಕ್ಕಳ ವಿಶ್ವಕೋಶ ಬರೆಯುವುದೆಂದರೆ ಸಾಮಾನ್ಯ ಸಾಹಸವಲ್ಲ.

ಅನಂತರ ಬಂದುದು ದೊಡ್ಡವರ ಸರದಿ. 1957ರಲ್ಲಿ ರಷ್ಯನ್ನರ ಕೃತಕ ಉಪಗ್ರಹ ಆಕಾಶಕ್ಕೇರಿ ಹಳ್ಳಿಯ ಜಗಲಿಯ ಮೇಲೂ ಅದರದೇ ಮಾತಾಗಿದ್ದ ಕಾಲವದು. 1959ರಿಂದ 1964ರವರೆಗೆ ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಪ್ರಕಟವಾದವು. ನಕ್ಷತ್ರಗಳಿಂದ ಪರಮಾಣುವಿನವರೆಗೆ, ಭೂಮಿಯ ಹುಟ್ಟಿನಿಂದ ಜೀವಿಗಳ ಬಾಳಿನವರೆಗೆ ಹಬ್ಬಿದ ಗ್ರಂಥವದು. ಖಗೋಲದ ವಿಚಿತ್ರಗಳನ್ನು ಕುರಿತೇ ಅವರು ಬೇರೊಂದು ಪುಸ್ತಕ ಬರೆದರು. ರೇಚಲ್ ಕಾರ್ಸನ್ನರ ಕಡಲಿನ ಗ್ರಂಥವನ್ನು ಕನ್ನಡಕ್ಕೆ ತಂದರು. ಈ ಕೆಲಸದ ನಡುವೆಯೇ, 1960ರಲ್ಲಿ, ‘ಅಳಿದ ಮೇಲೆ’ ಕಾದಂಬರಿ ಬಂತೆಂಬುದು ಮುಂಬಯಿಯವರಾದ ನಮಗೆ ವಿಶೇಷವಾಗಿ ನೆನಪಿರತಕ್ಕದ್ದು. ನಮ್ಮ ಈ ನಗರದಲ್ಲಿ ಒಂಟಿಯಾಗಿ ಕಣ್ಮುಚ್ಚಿದ ಯಶವಂತರಾಯನ ಬಾಳನ್ನು ಹುಡುಕುತ್ತ ಅವನ ಊರಿಗೆ ಹೋಗುವ ಕಥೆಯದು. ಮನುಷ್ಯನ ಒಳಗನ್ನು ಶೋಧಿಸಿದ ಲೇಖನಿಯೇ ಅದೇ ವರ್ಷಗಳಲ್ಲಿ ಆಕಾಶವನ್ನೂ ಶೋಧಿಸಿತು.

ಪದವಿಯಿಲ್ಲದ ಕಾದಂಬರಿಕಾರನಿಗೆ ಭೌತವಿಜ್ಞಾನದ ಗೊಡವೆ ಏಕೆ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ನಮಗೆ ತೋರುವಂತೆ ಆ ಕೊರತೆಯೇ ಅವರಿಗೆ ವರವಾಯಿತು. ತಾವೇ ತಡಕಾಡಿ ಕಲಿತವರಾದ್ದರಿಂದ ಓದುಗ ಎಲ್ಲಿ ಎಡವುತ್ತಾನೆಂಬುದು ಅವರಿಗೆ ಗೊತ್ತಿತ್ತು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷಕ್ಕೆ ತುಸು ಹೆಚ್ಚು ಸಮಯ ಬೇಕು; ಚರ್ಚ್‌ಗೇಟಿನಲ್ಲಿ ಹತ್ತಿದ ಲೋಕಲ್ ಗಾಡಿ ದಾದರು ಸೇರುವುದಕ್ಕೆ ಮೊದಲೇ ಅದು 15 ಕೋಟಿ ಕಿಲೋಮೀಟರು ದಾಟಿ ಬಂದಿರುತ್ತದೆ. ಅದೇ ಬೆಳಕು ನೆರೆಯ ದೊಡ್ಡ ನಕ್ಷತ್ರಮಂಡಲವಾದ ಆಂಡ್ರೋಮಿಡಾದಿಂದ ಇಲ್ಲಿಗೆ ಬರಲು 25 ಲಕ್ಷ ವರ್ಷ ಬೇಕು. ಇಂಥ ಲೆಕ್ಕವನ್ನು ತಿಳಿಯಲು ಮೊದಲು ಬೇಕಾದದ್ದು ಅರ್ಥವಾಗುವ ಮಾತು. ಪದವಿಯ ಮಾತು ಆಮೇಲಿನದು.

ಆ ಸಂಪುಟಗಳನ್ನು ಇಂದು ಹಿಡಿದು ಓದಿದರೆ ಹಳತಾದ ಸಂಗತಿಗಳು ಹಲವು ಕಾಣುವುದು ಸಹಜ. ಮೊದಲ ಸಂಪುಟ ಬಂದಾಗ ವಿಶ್ವ ಒಂದು ಮಹಾಸ್ಫೋಟದಿಂದ ಹುಟ್ಟಿತೋ, ಅಥವಾ ಹಾಯಲ್ಲರು ಹೇಳಿದಂತೆ ಆದಿ ಅಂತ್ಯವಿಲ್ಲದೆ ಸದಾ ಒಂದೇ ಸ್ಥಿತಿಯಲ್ಲಿದೆಯೋ ಎಂಬ ವಿವಾದ ಇತ್ಯರ್ಥವಾಗಿರಲಿಲ್ಲ. ಮಹಾಸ್ಫೋಟದ ಅಳಿದುಳಿದ ಕಾವು ಆಕಾಶದ ಎಲ್ಲ ದಿಕ್ಕಿನಿಂದಲೂ ಬರುತ್ತಿದೆಯೆಂಬುದು 1965ರಲ್ಲಿ ಪ್ರಕಟವಾಯಿತು. ಆಗ ತಕ್ಕಡಿ ಒಂದು ಕಡೆಗೆ ವಾಲಿತು. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷವೆಂದು ಈಗ ಎಣಿಸುತ್ತಾರೆ. ಹಾಯಲ್ಲರೊಡನೆ ದುಡಿದ ಜಯಂತ ನಾರಳೀಕರರು 1972ರಲ್ಲಿ ನಮ್ಮ ಕೊಲಾಬಾದ ಟಾಟಾ ಸಂಶೋಧನಾ ಸಂಸ್ಥೆಗೆ ಬಂದು, ಬಹುಮತಕ್ಕೆ ಮಣಿಯದೆ ಕೊನೆಯವರೆಗೂ ಮಹಾಸ್ಫೋಟವನ್ನು ಪ್ರಶ್ನಿಸಿದರು. ಆ ಸಂಸ್ಥೆಯೂ ನಮ್ಮಂತೆಯೇ ವಲಸೆ ಬಂದದ್ದು. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅದೇ ವರ್ಷ ಮುಂಬಯಿಗೆ ಬಂತು. ವಿಜ್ಞಾನದ ಪುಸ್ತಕ ಹಳತಾಗುವುದು ಅದರ ದೋಷವಲ್ಲ. ಅದನ್ನು ಓದಿ ಬೆಳೆದವರು ಮುಂದಿನ ಪುಸ್ತಕವನ್ನು ಬೇಡಿದರೆ ಅದರ ಜನ್ಮ ಸಾರ್ಥಕ.

ಕಾರಂತರ ಬಾಳಿನ ಕೊನೆಯ ಘಟ್ಟದಲ್ಲಿ ನಡೆದ ಒಂದು ಸಂಗತಿ ನಮ್ಮನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ. ಪರಮಾಣುವಿನ ಒಳಗುಟ್ಟನ್ನು ಕನ್ನಡಿಗರಿಗೆ ತಿಳಿಸಿದ ಅದೇ ಕಾರಂತರು ಉತ್ತರ ಕನ್ನಡದ ಕೈಗಾದಲ್ಲಿ ಅಣುಸ್ಥಾವರ ಬರುವುದನ್ನು ವಿರೋಧಿಸಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಅದೇ ಪ್ರಶ್ನೆಯ ಮೇಲೆ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಟ್ರಾಂಬೆಯ ಅಣುಸಂಶೋಧನಾ ಕೇಂದ್ರದಲ್ಲಿ ದುಡಿಯುವ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಅಣುವಿದ್ಯುತ್ತು ದೇಶಕ್ಕೆ ಬೇಕೆನ್ನುವವರು ನಮ್ಮಲ್ಲಿ ಕಡಮೆಯಿಲ್ಲ. ಅಂಥವರಿಗೆ ಕಾರಂತರ ನಿಲುವು ಒಪ್ಪಿಗೆಯಾಗಲಾರದು. ಒಪ್ಪಲೇಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ತನ್ನ ಹೊಳೆಯ ದಡದಲ್ಲಿ ಏನು ಕಟ್ಟುತ್ತಾರೆ, ಅದರ ಗುಣವೇನು, ಅಪಾಯವೇನು ಎಂದು ರೈತನೊಬ್ಬ ಕೇಳಬೇಕಾದರೆ, ಅದನ್ನು ಕೇಳಲು ಬೇಕಾದ ತಿಳಿವು ಅವನ ಭಾಷೆಯಲ್ಲಿ ಇರಬೇಕು. ಬೇಕೆನ್ನುವವನಿಗೂ ಬೇಡವೆನ್ನುವವನಿಗೂ ಆ ತಿಳಿವು ಒಂದೇ. ವಿಜ್ಞಾನವನ್ನು ಕನ್ನಡಕ್ಕೆ ತಂದುದರ ನಿಜವಾದ ಫಲ ಇದು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ಧೈರ್ಯವೂ ಇದೇ ಪ್ರಶ್ನಿಸುವ ಬುದ್ಧಿಯಿಂದ ಬಂದದ್ದೆಂದು ನಾವು ಭಾವಿಸುತ್ತೇವೆ.

‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಕಾರಂತರಿಗೆ ಸಂದಿತು. ಕೀರ್ತಿ ಬಂದರೂ ಅವರು ದುಡಿಮೆಯನ್ನು ನಿಲ್ಲಿಸಲಿಲ್ಲ. ತೊಂಬತ್ತು ದಾಟಿದ ಮೇಲೂ ಹಕ್ಕಿಗಳನ್ನು ಕುರಿತು ಪುಸ್ತಕ ಬರೆಯುತ್ತ ಕುಳಿತಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಣ್ಮುಚ್ಚಿದರು. ಮರುತಿಂಗಳು ಕೊಂಕಣ ರೈಲು ಪೂರ್ತಿಯಾಗಿ ತೆರೆದು ಅವರ ಕಡಲತೀರ ನಮ್ಮ ಮುಂಬಯಿಗೆ ಒಂದು ರಾತ್ರಿಯ ದಾರಿಯಾಯಿತು.

ನಮ್ಮ ಹಿರಿಯರು ಹಡಗಿನಲ್ಲಿ ಬಂದರು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಇರುಳು ರಾತ್ರಿಶಾಲೆಗಳಲ್ಲಿ ಕನ್ನಡ ಅಕ್ಷರ ತಿದ್ದಿದರು. ಅವರು ಕಾರಂತರಂತೆಯೇ ಪದವಿಯಿಲ್ಲದ ಜಿಜ್ಞಾಸುಗಳು. ಅವರ ಮೊಮ್ಮಕ್ಕಳು ಇಂದು ವರಳಿಯ ನೆಹರೂ ತಾರಾಲಯದಲ್ಲಿ ಕುಳಿತು ತಲೆಯೆತ್ತಿ ನಕ್ಷತ್ರ ನೋಡುತ್ತಾರೆ. ಹಿಂದಿರುಗುವಾಗ ರೈಲಿನಲ್ಲಿ ಅವರು ಕೇಳುವ ನೂರು ಪ್ರಶ್ನೆಗಳಲ್ಲಿ ಹತ್ತಕ್ಕಾದರೂ ನಾವು ಕನ್ನಡದಲ್ಲಿ ಉತ್ತರ ಕೊಡುವಂತಾಗಲಿ. ಅದಕ್ಕಾಗಿ ಪ್ರತಿಯೊಂದು ಮನೆಯ ಕಪಾಟಿನಲ್ಲಿ ಒಂದು ವಿಜ್ಞಾನದ ಕನ್ನಡ ಪುಸ್ತಕವಿರಲಿ. ವಾರಕ್ಕೊಂದು ಸಂಜೆ ಅದನ್ನು ಗಟ್ಟಿಯಾಗಿ ಓದೋಣ. ಹಳತಾದುದನ್ನು ಮಕ್ಕಳೇ ತಿದ್ದಿ ಹೇಳಲಿ. ಕಾರಂತರ ಸ್ಮರಣೆಗೆ ಇದಕ್ಕಿಂತ ಹಿರಿದಾದ ಹಾರ ನಮಗೆ ತೋಚದು.